ಪಿಒಇ ಕ್ಯಾಮೆರಾಗೆ ಕರೆಂಟ್ ಬಾರದಿದ್ದರೆ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಕರೆಂಟೂ ಚಿತ್ರವೂ ಸಾಗುವುದು ಪಿಒಇಯ, ಅಂದರೆ ಪವರ್ ಓವರ್ ಈಥರ್‌ನೆಟ್‌ನ, ದೊಡ್ಡ ಅನುಕೂಲ. ಕೆಟ್ಟಾಗ ತೊಡಕಾಗುವುದೂ ಅದೇ. ಪರದೆಯ ಮೇಲೆ ಕ್ಯಾಮೆರಾ ಕಪ್ಪಾಗಿರುತ್ತದೆ. ದೋಷ ಮಾತ್ರ ಸ್ವಿಚ್‌ನಲ್ಲಿದೆಯೋ (ಕೇಬಲ್‌ಗಳೆಲ್ಲ ಬಂದು ಸೇರುವ, ಅವಕ್ಕೆ ಕರೆಂಟ್ ಕೊಡುವ ನೆಟ್‌ವರ್ಕ್ ಪೆಟ್ಟಿಗೆ), ಪ್ಲಗ್‌ನಲ್ಲೋ, ಗೋಡೆಯೊಳಗಿನ ಕೇಬಲ್‌ನಲ್ಲೋ, ಕ್ಯಾಮೆರಾದಲ್ಲೋ ಹೊರಗಿನಿಂದ ತಿಳಿಯುವುದಿಲ್ಲ. ಹೆಚ್ಚಿನವರು ಮೊದಲು ಕ್ಯಾಮೆರಾ ಬದಲಿಸುತ್ತಾರೆ. ನಿಜಕ್ಕೂ ಅದು ಕೊನೆಗೆ ಮಾಡಬೇಕಾದ ಕೆಲಸ.

ಯಾವುದಕ್ಕೂ ಕೈಹಾಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಕ್ಯಾಮೆರಾ ಕೈಕೊಡುವುದು ಯಾವಾಗ? ಅಳವಡಿಸಿದ ದಿನದಿಂದಲೇ ಉಸಿರೆತ್ತಿಲ್ಲವೇ? ಹಗಲು ಸರಿಯಿದ್ದು ಕತ್ತಲಾದ ಮೇಲೆ ಆಫ್ ಆಗುತ್ತದೆಯೇ? ಮಳೆ ಬಂದು ಹೋದ ಮೇಲೆ ತೊಂದರೆ ಶುರುವಾಯಿತೇ? ಹೊಸದೊಂದು ಕ್ಯಾಮೆರಾ ಸೇರಿಸಿದಾಗ ಹಳೆಯದು ನಿಂತಿತೇ? ಈ ನಾಲ್ಕಕ್ಕೂ ಕಾರಣಗಳು ಬೇರೆ ಬೇರೆ. ಸಮಯ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಸ್ವಿಚ್ ಕರೆಂಟ್ ಕೊಡುವ ಮೊದಲು ಏನು ಮಾಡುತ್ತದೆ

ಇದು ತಿಳಿಯದೆ ಮಲ್ಟಿಮೀಟರ್ ಹಿಡಿದರೆ ತಪ್ಪು ತೀರ್ಮಾನಕ್ಕೆ ಬರುವುದು ಖಂಡಿತ. ಐಇಇಇ ಎಂಬ ಎಂಜಿನಿಯರ್‌ಗಳ ಸಂಸ್ಥೆಯ ಮಾನದಂಡ ಪಾಲಿಸುವ ಪಿಒಇ ಸ್ವಿಚ್ ಕೇಬಲ್ ಸಿಕ್ಕಿಸಿದ ಕೂಡಲೇ 48 ವೋಲ್ಟ್ ಬಿಡುವುದಿಲ್ಲ. ಮೊದಲು 2.7ರಿಂದ 10.1 ವೋಲ್ಟ್‌ನ ಸಣ್ಣ ಒತ್ತಡ ಹಾಕಿ ಆ ತುದಿಯಲ್ಲಿ ಸುಮಾರು 25 ಕಿಲೋಓಮ್‌ನ ಪ್ರತಿರೋಧ ಇದೆಯೇ ಎಂದು ನೋಡುತ್ತದೆ. ಪಿಒಇ ಕ್ಯಾಮೆರಾದ ಒಳಗೆ ಈ ಗುರುತು ಇರುತ್ತದೆ. ಅದು ಸಿಕ್ಕ ಮೇಲೆ 15.5ರಿಂದ 20.5 ವೋಲ್ಟ್‌ಗೆ ಏರಿ, ಕ್ಯಾಮೆರಾ ಯಾವ ಕ್ಲಾಸ್‌ನದು, ಅದಕ್ಕೆ ಎಷ್ಟು ವ್ಯಾಟ್ ಬೇಕು ಎಂದು ಕೇಳುತ್ತದೆ. ಆಮೇಲಷ್ಟೇ ಪೂರ್ಣ ವೋಲ್ಟೇಜ್. ಶುರುವಾದ ಮೇಲೂ ಸ್ವಿಚ್ ಕಣ್ಣಿಟ್ಟಿರುತ್ತದೆ. ಕ್ಯಾಮೆರಾ ಎಳೆಯುವ ಕರೆಂಟ್ ಸುಮಾರು 10 ಮಿಲಿಆಂಪಿಯರ್‌ಗಿಂತ ಕೆಳಗಿಳಿದು 300ರಿಂದ 400 ಮಿಲಿಸೆಕೆಂಡ್ ಹಾಗೇ ಉಳಿದರೆ ಕೇಬಲ್ ಕಿತ್ತುಹೋಯಿತೆಂದು ತಿಳಿದು ಪೋರ್ಟ್ ಮುಚ್ಚುತ್ತದೆ.

ಹಾಗಾಗಿ ಕೇಬಲ್‌ನ ಬಿಡಿ ತುದಿಗೆ ಮೀಟರ್ ಇಟ್ಟು 48 ವೋಲ್ಟ್ ಹುಡುಕಿದರೆ ಸಿಗದು. ಮೀಟರ್ ಕ್ಯಾಮೆರಾ ಅಲ್ಲವಲ್ಲ, ಸ್ವಿಚ್ ಅದಕ್ಕೆ ಕರೆಂಟ್ ಕೊಡುವುದಿಲ್ಲ. ಕೆಲವು ವೋಲ್ಟ್ ಮಿನುಗಿ ಹೋಗುವುದು ಕಂಡೀತು, ಅದು ಹುಡುಕಾಟದ ಮಿಡಿತ. ಇಷ್ಟನ್ನೇ ನೋಡಿ ಸ್ವಿಚ್ ಕೆಟ್ಟಿದೆ ಎನ್ನಬೇಡಿ.

ಪ್ಯಾಸಿವ್ ಪಿಒಇ ಇದಕ್ಕೆ ತದ್ವಿರುದ್ಧ. ಅಲ್ಲಿ ವಿಚಾರಣೆಯೇ ಇಲ್ಲ. 24 ವೋಲ್ಟ್‌ನ ಪ್ಯಾಸಿವ್ ಇಂಜೆಕ್ಟರ್ (ಕೇಬಲ್‌ಗೆ ಕರೆಂಟ್ ಸೇರಿಸುವ ಪುಟ್ಟ ಡಬ್ಬಿ) ಸಾಮಾನ್ಯವಾಗಿ 4, 5ನೇ ವೈರ್‌ಗಳಿಗೆ ಧನ, 7, 8ಕ್ಕೆ ಋಣ ಕೊಟ್ಟು ಸದಾ ಹರಿಸುತ್ತಲೇ ಇರುತ್ತದೆ. 48 ವೋಲ್ಟ್‌ನ ಆಕ್ಟಿವ್, ಅಂದರೆ ಮೇಲೆ ಹೇಳಿದ ವಿಚಾರಣೆಯ ಬಗೆಯ, ಕ್ಯಾಮೆರಾಗೆ ಇದು ಸಾಲದು. 24 ವೋಲ್ಟ್‌ನ ಪ್ಯಾಸಿವ್ ಕ್ಯಾಮೆರಾವನ್ನು ಆಕ್ಟಿವ್ ಸ್ವಿಚ್‌ಗೆ ಸಿಕ್ಕಿಸಿದರೆ 25 ಕಿಲೋಓಮ್ ಗುರುತು ಸಿಗದೆ ಸ್ವಿಚ್ ಸುಮ್ಮನಿರುತ್ತದೆ. ಎರಡೂ ಒಳ್ಳೆಯ ಸಾಮಾನೇ, ಜೋಡಿ ಮಾತ್ರ ತಪ್ಪು. ಕ್ಯಾಮೆರಾ ಬೆನ್ನಿನ ಲೇಬಲ್‌ನಲ್ಲಿ 802.3ಎಎಫ್ ಅಥವಾ 802.3ಎಟಿ (ಐಇಇಇಯ ಪಿಒಇ ಮಾನದಂಡಗಳ ಹೆಸರುಗಳು) ಎಂದು ಇದೆಯೇ, ಬರೀ 24 ವೋಲ್ಟ್ ಎಂದು ಇದೆಯೇ, ಅಥವಾ 12 ವೋಲ್ಟ್ ಡಿಸಿ ಮಾತ್ರ ಇದ್ದು ಪಿಒಇ ಎಂಬ ಮಾತೇ ಇಲ್ಲವೇ ಎಂದು ಮೊದಲು ಓದಿ. ಪ್ಯಾಸಿವ್ ಇಂಜೆಕ್ಟರ್‌ನ ಪವರ್ ತುದಿಯನ್ನು ಲ್ಯಾಪ್‌ಟಾಪ್‌ಗಾಗಲಿ ರೂಟರ್‌ಗಾಗಲಿ ಎಂದೂ ಸಿಕ್ಕಿಸಬೇಡಿ, ಪೋರ್ಟ್ ಸುಡಬಹುದು. ಆಕ್ಟಿವ್ ಸ್ವಿಚ್‌ನ ಪೋರ್ಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸುವುದರಲ್ಲಿ ಆ ಭಯವಿಲ್ಲ. ಮುಂದೆ ಬರುವ ಒಂದು ಪರೀಕ್ಷೆ ನಿಂತಿರುವುದೇ ಇದರ ಮೇಲೆ.

ಕೈಯಲ್ಲಿ ಇರಬೇಕಾದವು

ಒಳ್ಳೆಯದೆಂದು ಖಾತ್ರಿಯಿರುವ 1 ಅಥವಾ 2 ಮೀಟರ್‌ನ ರೆಡಿಮೇಡ್ ಪ್ಯಾಚ್ ಕೇಬಲ್, ಮಲ್ಟಿಮೀಟರ್, ಎಂಟೂ ವೈರ್ ತೋರಿಸುವ ಕೇಬಲ್ ಟೆಸ್ಟರ್, ವೈರ್‌ಗೆ ಪ್ಲಗ್ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ಮತ್ತು ಹತ್ತು ಆರ್‌ಜೆ45 (ನೆಟ್‌ವರ್ಕ್ ಕೇಬಲ್‌ನ) ಪ್ಲಗ್‌ಗಳು, ಆ ಪ್ಲಗ್ ಸಿಕ್ಕಿಸುವ ಬಿಡಿ ಸಾಕೆಟ್‌ಗಳಾದ ಎರಡು ಕೀಸ್ಟೋನ್ ಜ್ಯಾಕ್‌ಗಳು. ಇವುಗಳ ಜೊತೆ 802.3ಎಎಫ್ ಒಪ್ಪುವ, 12 ವೋಲ್ಟ್ ಹೊರಹಾಕುವ ಪಿಒಇ ಸ್ಪ್ಲಿಟರ್ (ಕೇಬಲ್‌ನಿಂದ ಕರೆಂಟನ್ನೂ ಡೇಟಾವನ್ನೂ ಬೇರ್ಪಡಿಸುವ ಸಾಧನ) ಒಂದಿರಲಿ. ಸ್ವಿಚ್‌ಗೆ ಬೇಕಾದ 25 ಕಿಲೋಓಮ್ ಗುರುತು ಸ್ಪ್ಲಿಟರ್‌ನ ಒಳಗೇ ಇರುವುದರಿಂದ ಸ್ವಿಚ್ ಅದನ್ನು ಕ್ಯಾಮೆರಾ ಎಂದೇ ನಂಬಿ ಕರೆಂಟ್ ಕೊಡುತ್ತದೆ. ಅದರ ಡಿಸಿ ಪಿನ್‌ನಲ್ಲಿ ಮೀಟರ್ ಇಟ್ಟು 12 ವೋಲ್ಟ್ ಕಂಡರೆ ಆ ಪೋರ್ಟೂ ಆ ಕೇಬಲ್ಲೂ ಕರೆಂಟ್ ಒಯ್ಯುತ್ತಿವೆ ಎಂದು ಗೊತ್ತಾಗುತ್ತದೆ. ದುಬಾರಿ ಟೆಸ್ಟರ್ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಮೊದಲ ಪರೀಕ್ಷೆ: ಕ್ಯಾಮೆರಾವನ್ನು ಸ್ವಿಚ್ ಪಕ್ಕಕ್ಕೆ ತನ್ನಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಏಣಿ ಹತ್ತಿ ಕ್ಯಾಮೆರಾ ಕಳಚಿ ತಂದು, ಚಿಕ್ಕ ಪ್ಯಾಚ್ ಕೇಬಲ್‌ನಿಂದ ನೇರವಾಗಿ ಸ್ವಿಚ್‌ಗೆ ಜೋಡಿಸಿ ಎರಡು ನಿಮಿಷ ಕಾಯಿರಿ. ಪೋರ್ಟ್‌ನ ಪಿಒಇ ದೀಪ ಹತ್ತಬೇಕು. ಕಿವಿ ಹತ್ತಿರ ಹಿಡಿದರೆ ಬಹುತೇಕ ಕ್ಯಾಮೆರಾಗಳಲ್ಲಿ ಆನ್ ಆಗುವಾಗ ‘ಟಿಕ್’ ಎಂಬ ಸಣ್ಣ ಸದ್ದು ಕೇಳುತ್ತದೆ, ಲೆನ್ಸ್ ಹಿಂದಿನ ಇನ್‌ಫ್ರಾರೆಡ್ ಫಿಲ್ಟರ್ ಸರಿಯುವ ಸದ್ದದು. ಅಂಗೈಯಿಂದ ಮುಂಭಾಗ ಪೂರ್ತಿ ಮುಚ್ಚಿ ಕೆಲವು ಸೆಕೆಂಡು ಹಿಡಿದರೆ ಇನ್ನೊಂದು ಟಿಕ್, ಜೊತೆಗೆ 850 ನ್ಯಾನೋಮೀಟರ್‌ನ ಎಲ್‌ಇಡಿಗಳಾದರೆ ಮಂಕು ಕೆಂಪು ಹೊಳಪು. 940 ನ್ಯಾನೋಮೀಟರ್‌ನವು ಬರಿಗಣ್ಣಿಗೆ ಕಾಣವು.

ಇಲ್ಲಿ ಕೆಲಸ ಮಾಡಿದರೆ ಕ್ಯಾಮೆರಾವೂ ಪೋರ್ಟೂ ಸರಿಯಿವೆ, ದೋಷ ಕೇಬಲ್ ದಾರಿಯಲ್ಲಿದೆ. ಮಾಡದಿದ್ದರೆ ಇನ್ನೊಂದು ಪೋರ್ಟ್‌ಗೆ ಹಾಕಿ ನೋಡಿ. ಅಲ್ಲೂ ಇಲ್ಲವೆಂದರೆ ಅದೇ ಪೋರ್ಟ್, ಅದೇ ಪ್ಯಾಚ್ ಕೇಬಲ್‌ಗೆ ಸ್ಪ್ಲಿಟರ್ ಸಿಕ್ಕಿಸಿ. 12 ವೋಲ್ಟ್ ಬಂದರೆ ಕ್ಯಾಮೆರಾ ಕಡೆ ದೋಷ, ಬಾರದಿದ್ದರೆ ಸ್ವಿಚ್ ಕಡೆ.

ಸ್ವಿಚ್ ಕಡೆ ಎಂದಾಗ ನೋಡಬೇಕಾದ್ದು ಕೆಲವೇ ಸಂಗತಿ. ಅಪ್‌ಲಿಂಕ್ ಎಂದು ಬರೆದ, ರೂಟರ್ ಕಡೆಗೆ ಹೋಗುವ ಪೋರ್ಟ್‌ಗಳಲ್ಲಿ ಸಾಮಾನ್ಯವಾಗಿ ಪಿಒಇ ಇರುವುದಿಲ್ಲ. ಎಂಟು ಪೋರ್ಟ್‌ಗಳ ಪೈಕಿ ನಾಲ್ಕರಲ್ಲಿ ಮಾತ್ರ ಪಿಒಇ ಕೊಡುವ ಸ್ವಿಚ್‌ಗಳೂ ಇವೆ. ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದದ್ದು) ಆದರೆ ಆ ಪೋರ್ಟ್‌ನ ಪಿಒಇ ಆಫ್ ಆಗಿದೆಯೇ ನೋಡಿ. ಇಂಜೆಕ್ಟರ್ ಆದರೆ ತುದಿ ಅದಲುಬದಲಾಗಿರಬಹುದು: ಲ್ಯಾನ್ ಎಂದಿರುವುದು ರೂಟರ್ ಕಡೆಗೆ, ಪಿಒಇ ಎಂದಿರುವುದು ಕ್ಯಾಮೆರಾ ಕಡೆಗೆ. ಕೊನೆಗೆ ಸ್ವಿಚ್‌ನ ಅಡಾಪ್ಟರ್. ಅದರ ಪಿನ್‌ನಲ್ಲಿ ವೋಲ್ಟೇಜ್ ಅಳೆಯಿರಿ, ಆದರೆ ಖಾಲಿ ಇರುವಾಗ 48 ತೋರಿಸಿ ಭಾರ ಬಿದ್ದಾಗ ಕುಸಿಯುವ ಮುದಿ ಅಡಾಪ್ಟರ್‌ಗಳೂ ಇರುತ್ತವೆ. 802.3ಎಟಿ ಮಟ್ಟದ ಕ್ಯಾಮೆರಾ ಇದ್ದರೆ ಇನ್ನೊಂದು ಮಾತು: ಆ ಮಾನದಂಡದಲ್ಲಿ ಪೋರ್ಟ್‌ನಲ್ಲೇ ಕನಿಷ್ಠ 50 ವೋಲ್ಟ್ ಇರಬೇಕು, 48ರ ಅಡಾಪ್ಟರ್ ಹಾಕಿದ ಸ್ವಿಚ್ ಅದಕ್ಕೆ ಎಟುಕದು.

ಕೇಬಲ್: ಹೆಚ್ಚಿನ ದೋಷಗಳ ಮನೆ

ಕ್ಯಾಮೆರಾ ಸ್ವಿಚ್ ಪಕ್ಕದಲ್ಲಿ ಓಡಿತು, ಗೋಡೆಯ ಮೇಲೆ ಓಡಲಿಲ್ಲ. ಇನ್ನು ಎರಡೂ ತುದಿ ಕಳಚಿ ಕೇಬಲ್ ಟೆಸ್ಟರ್ ಹಾಕಿ. ಕರೆಂಟ್ ಹರಿಯುತ್ತಿರುವ ಕೇಬಲ್‌ಗೆ ಟೆಸ್ಟರ್ ಹಾಕಬೇಡಿ, ಪ್ಯಾಸಿವ್ ಇಂಜೆಕ್ಟರ್ ಆದರಂತೂ ಟೆಸ್ಟರ್ ಹಾಳಾಗುತ್ತದೆ.

ಎರಡೂ ತುದಿಯಲ್ಲಿ ಟಿ568ಬಿ, ಅಂದರೆ ವೈರ್‌ಗಳ ಬಣ್ಣ ಜೋಡಿಸುವ ಮಾನಕ, ಕ್ರಮ ಹೀಗಿರಬೇಕು. ಪ್ಲಗ್‌ನ ಚಿನ್ನದ ಬಣ್ಣದ ಪಟ್ಟಿಗಳು ನಿಮ್ಮ ಕಡೆಗೂ ಲಾಕ್ ಆಚೆ ಬದಿಗೂ ಕೇಬಲ್ ಕೆಳಗೂ ಇರುವಂತೆ ಹಿಡಿದರೆ ಎಡದಿಂದ ಬಲಕ್ಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಇಲ್ಲಿ ಒಂದು ಸೂಕ್ಷ್ಮವಿದೆ, ತುಂಬಾ ಜನ ಎಡವುವುದು ಇಲ್ಲೇ. ಹೆಚ್ಚಿನ ಮನೆ ಕ್ಯಾಮೆರಾಗಳು 100 ಮೆಗಾಬಿಟ್‌ನವು. ಅವುಗಳ ಡೇಟಾ ಹೋಗುವುದು 1, 2, 3, 6ನೇ ವೈರ್‌ಗಳಲ್ಲಿ ಮಾತ್ರ. ಕರೆಂಟ್ ಆ ವೈರ್‌ಗಳ ಮೇಲೇ ಬಂದರೆ ಅದು ಮೋಡ್ ಎ. 4, 5 ಮತ್ತು 7, 8ರ ಮೇಲೆ ಬಂದರೆ ಮೋಡ್ ಬಿ. ನಿಮ್ಮ ಸ್ವಿಚ್ ಅಥವಾ ಇಂಜೆಕ್ಟರ್ ಮೋಡ್ ಬಿ ಆಗಿದ್ದು, ನೀಲಿ ಅಥವಾ ಕಂದು ಜೋಡಿ ಎಲ್ಲೋ ತುಂಡಾಗಿದ್ದರೆ ಕ್ಯಾಮೆರಾಗೆ ಕರೆಂಟ್ ಇಲ್ಲ. ಆದರೆ ಅದೇ ಕೇಬಲ್‌ಗೆ 100 ಮೆಗಾಬಿಟ್‌ನ ಯಾವುದೇ ಸಾಧನ ಹಾಕಿದರೆ ನೆಟ್‌ವರ್ಕ್ ಸೊಗಸಾಗಿ ಓಡುತ್ತದೆ. ‘ಕೇಬಲ್ ಸರಿಯಿದೆ, ನೆಟ್ ಬರ್ತಿದೆಯಲ್ಲ’ ಎಂಬ ಮಾತು ಹುಟ್ಟುವುದು ಇದರಿಂದಲೇ. ಕೇಬಲ್‌ನ ನಾಲ್ಕರಲ್ಲಿ ಎರಡು ಜೋಡಿ ಮಾತ್ರ ಬಳಸಿ, ಉಳಿದೆರಡನ್ನು ಇನ್ನೊಂದು ಕ್ಯಾಮೆರಾಗೆ ಕವಲೊಡೆಸಿದ ಹಳೆಯ ವೈರಿಂಗ್‌ನಲ್ಲೂ ಇದೇ ಗತಿ.

ಟೆಸ್ಟರ್ ಇಲ್ಲವೆಂದರೆ ಗಿಗಾಬಿಟ್ ಪೋರ್ಟ್‌ನ ಲ್ಯಾಪ್‌ಟಾಪ್ ತನ್ನಿ. ಗಿಗಾಬಿಟ್ ಲಿಂಕ್‌ಗೆ ನಾಲ್ಕೂ ಜೋಡಿ ಬೇಕು. ಸ್ವಿಚ್ ಪೋರ್ಟ್ ಸಹ ಗಿಗಾಬಿಟ್ ಆಗಿದ್ದು, ಕ್ಯಾಮೆರಾ ತುದಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದಾಗ ಲಿಂಕ್ ವೇಗ 1000ರ ಬದಲು 100 ಎಂದು ತೋರಿಸಿದರೆ ಯಾವುದೋ ಜೋಡಿ ಕೈಕೊಟ್ಟಿದೆ ಎಂದು ಅನುಮಾನಿಸಲು ಅಷ್ಟು ಸಾಕು.

ಟೆಸ್ಟರ್ ಎಂಟೂ ದೀಪ ತೋರಿಸಿದರೂ ನಿಶ್ಚಿಂತರಾಗಬೇಡಿ. ಅದು ಹೇಳುವುದು ವೈರ್ ತಾಗಿದೆ ಎಂದಷ್ಟೇ, ಎಷ್ಟು ಚೆನ್ನಾಗಿ ತಾಗಿದೆ ಎಂದಲ್ಲ. ಕೂದಲೆಳೆಯಷ್ಟು ತಾಗಿದ ವೈರೂ ಟೆಸ್ಟರ್‌ನ ಅಲ್ಪ ಕರೆಂಟ್ ದಾಟಿಸುತ್ತದೆ, ಕ್ಯಾಮೆರಾ ಕೇಳುವ ಕಾಲು ಆಂಪಿಯರ್ ದಾಟಿಸಲಾರದು. ಪ್ಲಗ್‌ನ ಮೂಗನ್ನು ಬೆಳಕಿಗೆ ಹಿಡಿದು ನೋಡಿ: ಎಂಟು ತಾಮ್ರದ ಚುಕ್ಕೆಗಳೂ ಒಂದೇ ಸಾಲಿನಲ್ಲಿ ಮೂಗಿನ ಗೋಡೆಗೆ ಒತ್ತಿ ನಿಂತಿರಬೇಕು. ಒಂದು ಚುಕ್ಕೆ ಒಂದು ಮಿಲಿಮೀಟರ್ ಹಿಂದೆ ನಿಂತಿದ್ದರೆ ಅದರ ಮೇಲಿನ ಲೋಹದ ಹಲ್ಲು ವೈರ್‌ನ ತುದಿಯನ್ನಷ್ಟೇ ಸವರಿದೆ. ಪಕ್ಕದಿಂದ ನೋಡಿದಾಗ ಎಂಟೂ ಪಟ್ಟಿಗಳು ಒಂದೇ ಆಳಕ್ಕೆ ಇಳಿದಿರಬೇಕು. ಎತ್ತರ ನಿಂತದ್ದು ಪೂರ್ತಿ ಕ್ರಿಂಪ್ ಆಗಿಲ್ಲ. ಕೇಬಲ್‌ನ ಹೊರ ಕವಚ ಪ್ಲಗ್‌ನೊಳಗೆ ಹೋಗಿ ಹಿಂಭಾಗದ ಹಿಡಿಕೆಯ ಕೆಳಗೆ ಸಿಕ್ಕಿರಬೇಕು, ಇಲ್ಲದಿದ್ದರೆ ಕ್ಯಾಮೆರಾ ತಿರುಗಿಸಿದಾಗಲೆಲ್ಲ ಎಳೆತ ಬೀಳುವುದು ಆ ಎಂಟು ಬಡಪಾಯಿ ವೈರ್‌ಗಳ ಮೇಲೆ. ಅನುಮಾನವಿದ್ದರೆ ಪ್ಲಗ್ ಕತ್ತರಿಸಿ ಹೊಸದು ಹಾಕಿ, ಐದು ನಿಮಿಷದ ಕೆಲಸ. ಒಂದೇ ಗಟ್ಟಿ ತಂತಿಯ ಕೇಬಲ್‌ಗೆ ಅದಕ್ಕೆಂದೇ ಇರುವ ಪ್ಲಗ್ ಬಳಸಿ, ಎಳೆಎಳೆಯ ತಂತಿಗಾಗಿ ಮಾಡಿದ ಪ್ಲಗ್ ಅದನ್ನು ಸರಿಯಾಗಿ ಕಚ್ಚುವುದಿಲ್ಲ. ಜೋಡಿಗಳ ಹೆಣಿಗೆಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬೇಡಿ.

ಇನ್ನೊಂದು ಮೋಸದ ದೋಷ: ಬಣ್ಣಗಳನ್ನು ಜೋಡಿ ಜೋಡಿಯಾಗಿ 1-2, 3-4, 5-6, 7-8 ಎಂದು ಸಾಲಾಗಿ ಕೂಡಿಸುವುದು. ಎರಡೂ ತುದಿ ಒಂದೇ ಥರ ಇದ್ದರೆ ಟೆಸ್ಟರ್ ‘ಸರಿ’ ಎನ್ನುತ್ತದೆ, ಕರೆಂಟೂ ಬರುತ್ತದೆ. ಆದರೆ 3 ಮತ್ತು 6ನೇ ವೈರ್‌ಗಳು ಬೇರೆ ಬೇರೆ ಹೆಣಿಗೆಗೆ ಸೇರಿಹೋಗುವುದರಿಂದ ಸಿಗ್ನಲ್ ಒಂದರೊಳಗೊಂದು ಸೋರುತ್ತದೆ. ಕ್ಯಾಮೆರಾ ಆನ್ ಇದ್ದೂ ಚಿತ್ರ ತಡವರಿಸುತ್ತದೆ, ಲಿಂಕ್ ಬಿದ್ದು ಏಳುತ್ತದೆ. ಇದಕ್ಕೆ ಮದ್ದು ಎರಡೂ ಪ್ಲಗ್ ಬದಲಿಸುವುದೊಂದೇ.

ಓಮ್ ಲೆಕ್ಕ: ಕೇಬಲ್‌ನ ನಿಜವಾದ ಆರೋಗ್ಯ

ಟೆಸ್ಟರ್ ಹೇಳದ್ದನ್ನು ಸಾದಾ ಮಲ್ಟಿಮೀಟರ್ ಹೇಳುತ್ತದೆ. ಒಂದು ಕೀಸ್ಟೋನ್ ಜ್ಯಾಕ್‌ನ ಹಿಂಬದಿಯಲ್ಲಿ ಚಿಕ್ಕ ವೈರ್ ತುಣುಕುಗಳಿಂದ ಬಿಳಿ-ಕಿತ್ತಳೆಗೆ ಕಿತ್ತಳೆ, ಬಿಳಿ-ಹಸಿರಿಗೆ ಹಸಿರು, ಬಿಳಿ-ನೀಲಿಗೆ ನೀಲಿ, ಬಿಳಿ-ಕಂದಿಗೆ ಕಂದು ಹೀಗೆ ನಾಲ್ಕು ಜೋಡಿಗಳನ್ನೂ ಶಾರ್ಟ್ ಮಾಡಿ. ಸ್ವಿಚ್‌ನಿಂದ ಕಳಚಿದ ಕೇಬಲ್‌ನ ದೂರದ ತುದಿಗೆ ಇದನ್ನು ಸಿಕ್ಕಿಸಿ. ಹತ್ತಿರದ ತುದಿಗೆ ಇನ್ನೊಂದು ಖಾಲಿ ಜ್ಯಾಕ್ ಹಾಕಿ, ಅದರ ಹಿಂಬದಿಯಲ್ಲಿ ಪ್ರತಿ ಜೋಡಿಯ ಓಮ್ ಅಳೆಯಿರಿ. ಮೀಟರ್‌ನ ಎರಡು ಕಡ್ಡಿಗಳನ್ನು ತಾಗಿಸಿದಾಗ ಬರುವ ಅಂಕಿಯನ್ನು ಕಳೆಯಲು ಮರೆಯಬೇಡಿ.

24 ಗೇಜ್‌ನ ಶುದ್ಧ ತಾಮ್ರದಲ್ಲಿ ಹೋಗಿ ಬರುವ ದಾರಿಗೆ ಮೀಟರಿಗೆ ಸುಮಾರು 0.17 ಓಮ್. ಅಂದರೆ 30 ಮೀಟರ್ ಕೇಬಲ್ 5 ಓಮ್ ಆಸುಪಾಸು, 60 ಮೀಟರ್ 10 ಓಮ್. ನಾಲ್ಕೂ ಜೋಡಿಗಳ ಅಂಕಿ ಹತ್ತಿರ ಹತ್ತಿರ ಇರಬೇಕು. ಮೂರು ಜೋಡಿ 5 ಓಮ್, ಕಂದು ಮಾತ್ರ 11 ಎಂದರೆ ಕಂದು ಜೋಡಿಯಲ್ಲಿ ಎಲ್ಲೋ ಕೆಟ್ಟ ಕ್ರಿಂಪ್ ಅಥವಾ ತುಕ್ಕು ಇದೆ. ನಾಲ್ಕೂ ಒಂದೇ ಸಮ 8 ಓಮ್ ಬಂದರೆ ಅದು ಬೇರೆಯೇ ಕತೆ: ಕೇಬಲ್ ತಾಮ್ರದ್ದಲ್ಲ, ತಾಮ್ರ ಲೇಪಿಸಿದ ಅಲ್ಯೂಮಿನಿಯಂನದು.

ಈ ಲೇಪನದ ಕೇಬಲ್ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಪಿಒಇಗೆ ಇದನ್ನು ಎಳೆಯಬೇಡಿ. ಪ್ರತಿರೋಧ ತಾಮ್ರದ ಒಂದೂವರೆ ಪಟ್ಟಿಗೂ ಮೇಲು. ಕ್ಯಾಟ್5ಇ ದರ್ಜೆಯ ನೆಟ್‌ವರ್ಕ್ ಕೇಬಲ್‌ಗೆ ಮಾನದಂಡ ಕೊಟ್ಟಿರುವ ಗರಿಷ್ಠ ಮಿತಿ 100 ಮೀಟರಿಗೆ 12.5 ಓಮ್. ಕರೆಂಟ್ ಎರಡು ವೈರ್‌ನಲ್ಲಿ ಹೋಗಿ ಎರಡರಲ್ಲಿ ಮರಳುವಾಗ ಶುದ್ಧ ತಾಮ್ರ 8.4 ಓಮ್‌ನ ಸುತ್ತ ಇರುತ್ತದೆ, ಅಲ್ಯೂಮಿನಿಯಂ 13 ದಾಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಅದು ಸುಲಭವಾಗಿ ಮುರಿಯುತ್ತದೆ, ಕ್ರಿಂಪ್‌ನ ಹಲ್ಲಿನ ಕೆಳಗೆ ನಿಧಾನವಾಗಿ ಸಡಿಲಾಗುತ್ತದೆ. ಇವತ್ತು ಓಡಿದ ಕ್ಯಾಮೆರಾ ಆರು ತಿಂಗಳಿಗೆ ನಿಲ್ಲುವುದು ಹೀಗೆ. ಗುರುತಿಸುವುದು ಸುಲಭ: ವೈರ್‌ನ ಮೇಲ್ಮೈಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಿ ಬಣ್ಣ ಕಾಣುತ್ತದೆ. ತಾಮ್ರವಾದರೆ ಒಳಗೂ ಕೆಂಪು.

ಉದ್ದದ ಮಿತಿ ಒಟ್ಟು 100 ಮೀಟರ್, ಅದರಲ್ಲಿ 90 ಮೀಟರ್ ಸ್ಥಿರ ಕೇಬಲ್, 10 ಮೀಟರ್ ಎರಡೂ ಬದಿಯ ಪ್ಯಾಚ್. ಕೆಲವು ಸ್ವಿಚ್‌ಗಳ ಮೇಲೆ ಎಕ್ಸ್‌ಟೆಂಡ್ ಎಂಬ ಸಣ್ಣ ಬಟನ್ ಇದ್ದು 250 ಮೀಟರ್ ಎಂದು ಬರೆದಿರುತ್ತದೆ. ಅದನ್ನು ಒತ್ತಿದರೆ ಲಿಂಕ್ 10 ಮೆಗಾಬಿಟ್‌ಗೆ ಇಳಿಯುತ್ತದೆ. ಒಂದು ಕ್ಯಾಮೆರಾದ ಚಿತ್ರಕ್ಕೆ ಅದು ಸಾಕಾದೀತು, ಹೆಚ್ಚು ಬಿಟ್‌ರೇಟ್ ಇಟ್ಟರೆ ಸಾಲದು. ಯಾರೋ ಅರಿಯದೆ ಒತ್ತಿಟ್ಟದ್ದರಿಂದಲೇ ಚಿತ್ರ ತೊದಲುತ್ತಿರಬಹುದು, ಆ ಬಟನ್ ಮೇಲೂ ಒಮ್ಮೆ ಕಣ್ಣಾಡಿಸಿ.

48 ವೋಲ್ಟ್ ಯಾಕೆ ಎಂಬುದಕ್ಕೂ ಇದೇ ಓಮ್ ಲೆಕ್ಕ ಉತ್ತರ ಕೊಡುತ್ತದೆ. 10 ವ್ಯಾಟ್‌ನ ಕ್ಯಾಮೆರಾ 48 ವೋಲ್ಟ್‌ನಲ್ಲಿ ಎಳೆಯುವುದು 0.22 ಆಂಪಿಯರ್‌ನಷ್ಟು. 100 ಮೀಟರ್ ತಾಮ್ರದಲ್ಲಿ ಕಳೆದುಹೋಗುವುದು 2 ವೋಲ್ಟ್‌ಗೂ ಕಡಿಮೆ. ಅದೇ 10 ವ್ಯಾಟನ್ನು 12 ವೋಲ್ಟ್‌ನಲ್ಲಿ ಕಳಿಸಿದರೆ 30 ಮೀಟರಿಗೇ ಆ ತುದಿಯಲ್ಲಿ ಉಳಿಯುವುದು 9.3 ವೋಲ್ಟ್. ಎರಡೂ ಬದಿಗೆ ಪುಟ್ಟ ಬಾಲದಂತಿರುವ ಕಡಿಮೆ ಬೆಲೆಯ ಪ್ಯಾಸಿವ್ ಜೋಡಿ ಹಾಕಿ 12 ವೋಲ್ಟ್ ಕಳಿಸುವ ವ್ಯವಸ್ಥೆ ಹತ್ತು ಮೀಟರ್ ದಾಟಿದ ಮೇಲೆ ತಿಣುಕುವುದು ಇದರಿಂದಲೇ.

ಹಗಲು ಸರಿ, ಕತ್ತಲಾದರೆ ರೀಬೂಟ್

ಇದು ಕರೆಂಟ್ ಕೊರತೆಯ ಅತಿ ಸ್ಪಷ್ಟ ಲಕ್ಷಣ. ಹಗಲು 4-5 ವ್ಯಾಟ್‌ನಲ್ಲಿ ಓಡುವ ಕ್ಯಾಮೆರಾ, ಇನ್‌ಫ್ರಾರೆಡ್ ದೀಪಗಳು ಹತ್ತಿದಾಗ 8-10 ವ್ಯಾಟ್ ಕೇಳಬಹುದು. ದೀಪ ಹತ್ತುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಆರಿ ಮತ್ತೆ ಏಳುತ್ತದೆ, ಮತ್ತೆ ದೀಪ ಹತ್ತುತ್ತದೆ. ಬೆಳಗಾಗುವವರೆಗೂ ಇದೇ ಸುತ್ತು. ರೆಕಾರ್ಡಿಂಗ್‌ನಲ್ಲಿ ಒಂದೆರಡು ನಿಮಿಷದ ತುಣುಕುಗಳು, ನಡುನಡುವೆ ಖಾಲಿ ಜಾಗ.

ರಾತ್ರಿಯಾಗುವವರೆಗೆ ಕಾಯಬೇಕಿಲ್ಲ. ಹಗಲಲ್ಲೇ ಕ್ಯಾಮೆರಾ ಮುಂಭಾಗಕ್ಕೆ ದಪ್ಪ ಕಪ್ಪು ಬಟ್ಟೆ ಮುಚ್ಚಿ, ದೀಪ ಹತ್ತಿದ ಕೂಡಲೇ ಆರಿಹೋದರೆ ಉತ್ತರ ಸಿಕ್ಕಿತು. ಸೆಟ್ಟಿಂಗ್‌ನಲ್ಲಿ ಇನ್‌ಫ್ರಾರೆಡ್ ಆಫ್ ಮಾಡಿ ಒಂದು ರಾತ್ರಿ ಬಿಡಿ, ನಿಲ್ಲದೆ ಓಡಿದರೆ ಅದೇ ಮಾತು ಇನ್ನೊಮ್ಮೆ ಖಚಿತವಾಯಿತು. ಆಮೇಲೆ ಕ್ಯಾಮೆರಾವನ್ನು ಚಿಕ್ಕ ಪ್ಯಾಚ್ ಕೇಬಲ್‌ಗೆ ತಂದು ಇದೇ ಬಟ್ಟೆಯ ಪರೀಕ್ಷೆ ಮಾಡಿ. ಇಲ್ಲಿ ಆರದೆ ಓಡಿದರೆ ತಪ್ಪು ಕೇಬಲ್‌ನದು, ಇಲ್ಲೂ ಬಿದ್ದರೆ ಸ್ವಿಚ್ ಅಥವಾ ಅಡಾಪ್ಟರ್‌ನದು.

ಕೇಬಲ್ ಒಂದನ್ನೇ ಭಾರ ಹಾಕಿ ನೋಡಬೇಕೆಂದರೆ ಸ್ಪ್ಲಿಟರ್‌ಗೆ 8 ವ್ಯಾಟ್‌ನ 12 ವೋಲ್ಟ್ ಎಲ್‌ಇಡಿ ಪಟ್ಟಿ ಜೋಡಿಸಿ ಹತ್ತು ನಿಮಿಷ ಬಿಡಿ. ಮಿನುಗದೆ ಉರಿದರೆ ಆ ಕೇಬಲ್ ರಾತ್ರಿಯ ಭಾರ ಹೊರಬಲ್ಲದು. ಸ್ಪ್ಲಿಟರ್ 12 ವೋಲ್ಟ್‌ನಲ್ಲಿ 1 ಆಂಪಿಯರ್‌ನದು ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಒಂದು ಸೇರಿಸಿದರೆ ಇನ್ನೊಂದು ಆರುತ್ತದೆ

ಪೋರ್ಟ್‌ನ ಮಿತಿ ಬೇರೆ, ಇಡೀ ಸ್ವಿಚ್‌ನ ಮಿತಿ ಬೇರೆ. 2003ರ 802.3ಎಎಫ್ ಪ್ರಕಾರ ಪೋರ್ಟ್ ಕೊಡುವುದು 15.4 ವ್ಯಾಟ್, ಕೇಬಲ್ ತಿಂದುಳಿದು ಕ್ಯಾಮೆರಾಗೆ ಭರವಸೆಯಿಂದ ಸಿಗುವುದು 12.95. 2009ರ 802.3ಎಟಿಯಲ್ಲಿ 30 ಮತ್ತು 25.5. 2018ರ 802.3ಬಿಟಿಯಲ್ಲಿ ಪೋರ್ಟ್ 60 ಅಥವಾ 90 ವ್ಯಾಟ್‌ವರೆಗೆ ಕೊಡುತ್ತದೆ, ಮನೆಯ ಸಾಮಾನ್ಯ ಕ್ಯಾಮೆರಾಗೆ ಅಷ್ಟು ಬೇಕಿಲ್ಲ. ತಿರುಗುವ, ಜೂಮ್ ಮಾಡುವ, ಒಳಗೆ ಹೀಟರ್ ಇರುವ ಕ್ಯಾಮೆರಾಗಳಿಗೆ ಎಎಫ್ ಸಾಲದೆ ಎಟಿ ಬೇಕಾಗುತ್ತದೆ.

ಈಗ ಎಂಟು ಪೋರ್ಟ್‌ನ, ಒಟ್ಟು 65 ವ್ಯಾಟ್ ಬಜೆಟ್‌ನ ಸ್ವಿಚ್ ತೆಗೆದುಕೊಳ್ಳಿ. ಎಂಟು ಕ್ಯಾಮೆರಾ, ಹಗಲು ತಲಾ 5 ವ್ಯಾಟ್, ಒಟ್ಟು 40. ಆರಾಮ. ರಾತ್ರಿ ತಲಾ 9, ಒಟ್ಟು 72. ಕತ್ತಲಾದೊಡನೆ ಒಂದು ಕ್ಯಾಮೆರಾ ಬೀಳಲೇಬೇಕು. ಲೆಕ್ಕ ಹಾಕುವಾಗ ಯಾವಾಗಲೂ ಡೇಟಾಶೀಟ್‌ನ ಗರಿಷ್ಠ ವ್ಯಾಟ್ ಹಿಡಿಯಿರಿ, ಅದರ ಮೇಲೆ ಐದರಲ್ಲೊಂದು ಪಾಲು ಹೆಚ್ಚಿಗೆ ಇಡಿ.

ಇನ್ನೊಂದು ಬಗೆಯ ಕೊರತೆ ಕಾಗದದ ಮೇಲಿನದು. ಕೆಲವು ಸ್ವಿಚ್‌ಗಳು ಕ್ಯಾಮೆರಾ ನಿಜವಾಗಿ ಎಷ್ಟು ಎಳೆಯುತ್ತಿದೆ ಎಂದು ನೋಡದೆ, ಅದರ ಕ್ಲಾಸ್‌ಗೆ ತಕ್ಕಷ್ಟು ಕಾದಿರಿಸುತ್ತವೆ. ಕ್ಲಾಸ್ 0 ಎಂದು ಹೇಳಿಕೊಳ್ಳುವ ಕ್ಯಾಮೆರಾಗೆ 15.4 ವ್ಯಾಟ್ ಮೀಸಲು. ನಾಲ್ಕಕ್ಕೆ 61.6. ಐದನೆಯದಕ್ಕೆ ಜಾಗವಿಲ್ಲ, ನಾಲ್ಕೂ ಸೇರಿ ಎಳೆಯುತ್ತಿರುವುದು ಬರೀ 20 ವ್ಯಾಟ್ ಇದ್ದರೂ ಸರಿ. ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಹಂಚಿಕೆಯನ್ನು ನಿಜ ಬಳಕೆಗೆ ತಕ್ಕಂತೆ ಬದಲಿಸುವ ಆಯ್ಕೆ ಇರುತ್ತದೆ, ಪೋರ್ಟ್‌ಗಳ ಆದ್ಯತೆಯನ್ನೂ ಕೊಡಬಹುದು. ಬಾಗಿಲ ಕ್ಯಾಮೆರಾ ಆ ಆದ್ಯತೆಯಲ್ಲಿ ಮೇಲಿರಲಿ.

ಸ್ವಿಚ್ ಗಾಳಿಯಾಡದ ಡಬ್ಬಿಯಲ್ಲೋ ಸೂರಿನ ಕೆಳಗಿನ ಸೆಕೆಯಲ್ಲೋ ಇದ್ದರೆ ಮಧ್ಯಾಹ್ನದ ಹೊತ್ತಿಗೆ ಬಿಸಿಯೇರಿ ಪೋರ್ಟ್ ಮುಚ್ಚಿಕೊಳ್ಳುವುದೂ ಉಂಟು. ಮಧ್ಯಾಹ್ನ ಬಿದ್ದು ಸಂಜೆ ತಾನಾಗಿ ಏಳುವ ಕ್ಯಾಮೆರಾ ಕಂಡರೆ ಮೊದಲು ಸ್ವಿಚ್ ಮುಟ್ಟಿ ನೋಡಿ.

ಮಳೆಯ ನಂತರ ಶುರುವಾದ ತೊಂದರೆ

ನೇರ ಹೋಗಿ ಕ್ಯಾಮೆರಾ ಬಾಲದ (ಅದರಿಂದ ಹೊರಬಂದ ಚಿಕ್ಕ ಕೇಬಲ್‌ನ) ಜೋಡಣೆ ಬಿಚ್ಚಿ. ಒಳಗೆ ನೀರಿನ ಹನಿ, ಹಸಿರು ಪುಡಿ ಅಥವಾ ಕಪ್ಪು ಬಿದ್ದ ಪಟ್ಟಿಗಳು ಕಾಣುತ್ತವೆ. ನೀರೂ 48 ವೋಲ್ಟ್ ಡಿಸಿಯೂ ಸೇರಿದರೆ ಧನ ಬದಿಯ ಲೋಹ ಬೇಗ ಬೇಗ ಕರಗುತ್ತದೆ. ಚಿನ್ನದ ಲೇಪ ಹೋಗಿ ತಾಮ್ರ ಕೊರೆದುಹೋಗುತ್ತದೆ. ಕೆಲವೊಮ್ಮೆ ತೇವವೇ 25 ಕಿಲೋಓಮ್‌ಗೆ ಅಡ್ಡವಾಗಿ ಇನ್ನೊಂದು ದಾರಿ ಮಾಡುತ್ತದೆ. ಗುರುತು ಕೆಟ್ಟು ಸ್ವಿಚ್ ಕ್ಯಾಮೆರಾವನ್ನು ಒಪ್ಪುವುದೇ ಇಲ್ಲ. ಬಿಸಿಲು ಬಂದು ಒಣಗಿದರೆ ತಾನಾಗಿ ಸರಿ, ಮುಂದಿನ ಮಳೆಗೆ ಮತ್ತೆ ಅದೇ.

ಹಸಿರು ಹಿಡಿದ ಪ್ಲಗ್ ತೊಳೆದು ಬಳಸಬೇಡಿ, ಕತ್ತರಿಸಿ ಎಸೆಯಿರಿ. ಹೊರ ಕವಚ ಸುಲಿದಾಗ ಒಳಗಿನ ವೈರ್‌ಗಳೂ ಒದ್ದೆಯಿದ್ದರೆ ಒಣ ಭಾಗ ಸಿಗುವವರೆಗೆ ಕತ್ತರಿಸುತ್ತಾ ಹೋಗಿ, ನೀರು ಕೇಬಲ್‌ನೊಳಗೆ ಬಹಳ ದೂರ ನುಸುಳುತ್ತದೆ. ಕ್ಯಾಮೆರಾ ಕಡೆಯ ಸಾಕೆಟ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೃದು ಬ್ರಷ್‌ನಿಂದ ಉಜ್ಜಿ ಪೂರ್ತಿ ಒಣಗಿಸಿ. ಅದರ ಸ್ಪ್ರಿಂಗ್ ತಂತಿಗಳೇ ಸವೆದಿದ್ದರೆ ಬಾಲವನ್ನು ಬದಲಿಸಬೇಕು.

ಪ್ಲಗ್‌ಗೆ ನೀರು ತಡೆಯುವ ಮುಚ್ಚಳ ಹೊಸದಾಗಿ ಹಾಕುವಾಗ ಕ್ರಮ ತಪ್ಪಬಾರದು. ಕ್ರಿಂಪ್ ಮಾಡುವ ಮೊದಲೇ ಕೇಬಲ್‌ಗೆ ಹಿಂಬದಿಯ ನಟ್, ಆಮೇಲೆ ರಬ್ಬರ್ ಬುಷ್, ಆಮೇಲೆ ಕೊಳವೆ ಪೋಣಿಸಿ, ಕೊನೆಗೆ ಪ್ಲಗ್. ಮುಂಭಾಗದ ತೆಳು ರಬ್ಬರ್ ಉಂಗುರ ಬಿಟ್ಟುಹೋಗುವುದೇ ಹೆಚ್ಚು, ಅದಿಲ್ಲದೆ ಮುಚ್ಚಳ ಎಷ್ಟು ಬಿಗಿದರೂ ನೀರು ಒಳಗೆ. ಬುಷ್ ಹಿಡಿಯುವುದು ದುಂಡು ಕೇಬಲ್ಲನ್ನು ಮಾತ್ರ, ಚಪ್ಪಟೆ ಕೇಬಲ್‌ಗೆ ಬದಿಯಲ್ಲಿ ಸಂದು ಉಳಿಯುತ್ತದೆ. ಮೇಲೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಹಿಗ್ಗಿಸಿ, ಕೆಳಗಿನಿಂದ ಮೇಲಕ್ಕೆ ಸುತ್ತಿ. ಹಾಗೆ ಸುತ್ತಿದರೆ ಹೆಂಚಿನ ಸಾಲಿನಂತೆ ನೀರು ಹೊರಗೇ ಜಾರುತ್ತದೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ತುಂಬಬೇಡಿ, ಗಟ್ಟಿಯಾಗುವಾಗ ಅದು ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಬಾಲದಲ್ಲಿರುವ ಬಳಸದ 12 ವೋಲ್ಟ್ ಡಿಸಿ ತೂತನ್ನೂ ಮುಚ್ಚಿ, ಎಷ್ಟೋ ಸಲ ನೀರು ಅಲ್ಲಿಂದಲೇ ಏರುತ್ತದೆ. ಕೊನೆಗೆ ಕೇಬಲ್ ಗೋಡೆ ಅಥವಾ ಡಬ್ಬಿಯೊಳಗೆ ಹೋಗುವ ಮೊದಲು ಕೆಳಗೆ ಒಂದು ಬಾಗು ಬಿಡಿ. ಕೇಬಲ್ ಗುಂಟ ಹರಿದು ಬಂದ ನೀರು ಬಾಗಿನ ತುದಿಯಿಂದ ತೊಟ್ಟಿಕ್ಕಲಿ.

ಗುಡುಗು ಸಿಡಿಲಿನ ನಂತರ ಸತ್ತ ಪೋರ್ಟ್‌ಗೆ ಮದ್ದಿಲ್ಲ. ಪಕ್ಕದ ಪೋರ್ಟ್‌ಗಳು ಓಡುತ್ತಿದ್ದರೂ ಒಂದು ವಾರ ಕಣ್ಣಿಡಿ. ಹೊರಗಿನ ಕೇಬಲ್‌ಗೆ ಪಿಒಇ ಒಪ್ಪುವ ಸರ್ಜ್ ಪ್ರೊಟೆಕ್ಟರ್ ಹಾಕಿ ಅದರ ಅರ್ಥ್ ತಂತಿಯನ್ನು ನಿಜವಾದ ಅರ್ಥ್‌ಗೆ ಜೋಡಿಸಿ. ಅರ್ಥ್ ಇಲ್ಲದ ಪ್ರೊಟೆಕ್ಟರ್ ಇದ್ದೂ ಇಲ್ಲದ ಹಾಗೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವುದಾದರೆ ತಾಮ್ರ ಬಿಟ್ಟು ಫೈಬರ್ ಎಳೆದು, ಆ ಕಡೆ ಪ್ರತ್ಯೇಕ ಪಿಒಇ ಸ್ವಿಚ್ ಇಡಿ.

ಕರೆಂಟ್ ಇದೆ, ಚಿತ್ರವಿಲ್ಲ

ಟಿಕ್ ಸದ್ದು ಬಂತು, ಕತ್ತಲಲ್ಲಿ ಕೆಂಪು ಹೊಳಪೂ ಇದೆ, ಪಿಒಇ ದೀಪವೂ ಹತ್ತಿದೆ ಎಂದಾದರೆ ಕರೆಂಟ್ ಹುಡುಕುವುದನ್ನು ನಿಲ್ಲಿಸಿ, ಇದು ನೆಟ್‌ವರ್ಕ್ ವಿಷಯ. ಕ್ಯಾಮೆರಾದ ಐಪಿ ವಿಳಾಸ ನಿಮ್ಮ ರೂಟರ್‌ನ ಸಾಲಿನಲ್ಲಿದೆಯೇ ನೋಡಿ. ಹಿಂಬದಿಯಲ್ಲೇ ಪಿಒಇ ಪೋರ್ಟ್‌ಗಳಿರುವ ಎನ್‌ವಿಆರ್‌ಗಳು (ಕ್ಯಾಮೆರಾಗಳ ಚಿತ್ರ ದಾಖಲಿಸುವ ಪೆಟ್ಟಿಗೆಗಳು) ಆ ಪೋರ್ಟ್‌ಗಳಿಗೆ ತಮ್ಮದೇ ಬೇರೆ ಐಪಿ ಸಾಲು ಕೊಡುತ್ತವೆ. ಹಾಗಾಗಿ ಅಲ್ಲಿಗೆ ಸಿಕ್ಕಿಸಿದ ಕ್ಯಾಮೆರಾ ರೂಟರ್‌ನ ಪಟ್ಟಿಯಲ್ಲಿ ಕಾಣದಿರುವುದು ದೋಷವಲ್ಲ. ವಿಳಾಸ ಸರಿಯಿದ್ದೂ ಪಿಂಗ್ (ಕ್ಯಾಮೆರಾ ಉತ್ತರಿಸುತ್ತದೆಯೇ ಎಂದು ನೋಡಲು ಕಳಿಸುವ ಸಂದೇಶ) ನಡುನಡುವೆ ಕಳೆದುಹೋಗುತ್ತಿದ್ದರೆ ಸ್ವಿಚ್‌ನ ಪೋರ್ಟ್ ಅಂಕಿಅಂಶದಲ್ಲಿ ಸಿಆರ್‌ಸಿ ದೋಷಗಳ, ಅಂದರೆ ದಾರಿಯಲ್ಲಿ ಕೆಟ್ಟ ಡೇಟಾದ, ಎಣಿಕೆ ನೋಡಿ. ಏರುತ್ತಾ ಹೋಗುವ ಎಣಿಕೆ ಮತ್ತೆ ಪ್ಲಗ್‌ಗಳ ಕಡೆಗೇ ಬೆರಳು ಮಾಡುತ್ತದೆ. ಆಗ ಕ್ಯಾಮೆರಾ ತುದಿಯ ಪ್ಲಗ್ಗನ್ನು ಮೊದಲು ಬದಲಿಸಿ, ಬಿಸಿಲು ಮಳೆ ಎಳೆತ ಎಲ್ಲ ಬೀಳುವುದು ಅದರ ಮೇಲೆ. ಎಣಿಕೆಯನ್ನು ಸೊನ್ನೆಗೆ ತಂದು ಒಂದು ದಿನ ಬಿಟ್ಟು ನೋಡಿ. ಮತ್ತೂ ಏರಿದರೆ ಸ್ವಿಚ್ ಕಡೆಯ ಪ್ಲಗ್ಗನ್ನೂ ಕತ್ತರಿಸಿ ಹೊಸದು ಹಾಕಿ.